ಉಲಿಯದ ಅಕ್ಷರಗಳು

ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ, ಕುಶಾಲನಗರ ಇನ್ನು ಕೆಲವೇ ಮೈಲಿಗಳ ದೂರದಲ್ಲಿದೆ ಎನ್ನುವಾಗ, ಬೈಲಕುಪ್ಪೆ ಎಂಬ ಊರು ಸಿಗುತ್ತದೆ. ಇದು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿಗೆ ಸೇರಿದ ಊರು. ಹೆದ್ದಾರಿಯನ್ನು ಬಿಟ್ಟು ಒಳದಾರಿಯಲ್ಲಿ ಸ್ವಲ್ಪ ದೂರ ನಡೆದರೆ ಬೇರೊಂದು ನಾಡಿಗೆ ಬಂದಂತೆ ತೋರುತ್ತದೆ. ಮುಸುಕಿನ ಜೋಳದ ಹೊಲಗಳ ನಡುವೆ ಬಣ್ಣಬಣ್ಣದ ಪ್ರಾರ್ಥನಾ ಪತಾಕೆಗಳು ಗಾಳಿಗೆ ಹಾರಾಡುತ್ತಿರುತ್ತವೆ. ಕೆಂಪು ವಸ್ತ್ರ ಧರಿಸಿದ ಭಿಕ್ಷುಗಳು ರಸ್ತೆಯಲ್ಲಿ ನಡೆದುಹೋಗುತ್ತಿರುತ್ತಾರೆ. ಅಂಗಡಿಗಳ ಹಲಗೆಗಳ ಮೇಲೆ ಕನ್ನಡ ಮತ್ತು ಇಂಗ್ಲಿಷುಗಳ ಜೊತೆಗೆ ಮೂರನೆಯ ಲಿಪಿಯೊಂದು ಕಾಣುತ್ತದೆ. ಮೇಲೆ ಒಂದು ಗೆರೆ, ಆ ಗೆರೆಯಿಂದ ಕೆಳಕ್ಕೆ ಇಳಿಬಿದ್ದ ಅಕ್ಷರಗಳು, ಅವುಗಳಿಗೆ ತೂಗುಹಾಕಿದಂತಿರುವ ಒತ್ತಕ್ಷರಗಳು. ಅದು ಟಿಬೆಟ್ಟಿನ ಲಿಪಿ.

1959ರಲ್ಲಿ ಹದಿನಾಲ್ಕನೆಯ ದಲೈ ಲಾಮಾ ಅವರು ಟಿಬೆಟ್ಟನ್ನು ತೊರೆದು ಭಾರತಕ್ಕೆ ಬಂದರು. ಅವರನ್ನು ಹಿಂಬಾಲಿಸಿ ಸಾವಿರಾರು ಜನ ಹಿಮಾಲಯವನ್ನು ದಾಟಿದರು. ಅಂದಿನ ಮೈಸೂರು ರಾಜ್ಯವು ಅವರಿಗೆ ಬೈಲಕುಪ್ಪೆಯ ಬಳಿ ಭೂಮಿಯನ್ನು ನೀಡಿತು. 1960ರಲ್ಲಿ ಇಲ್ಲಿ ಮೊದಲ ವಸತಿಯೂ 1969ರಲ್ಲಿ ಎರಡನೆಯ ವಸತಿಯೂ ಆರಂಭವಾದುವು. ಹಿಮದ ನಾಡಿನಿಂದ ಬಂದವರು ಕಾಡು ಕಡಿದು, ಆನೆಗಳ ಕಾಟವನ್ನು ಸಹಿಸಿ, ಕಾಣದ ಬಿಸಿಲಿಗೆ ಮೈಯೊಡ್ಡಿ ಹೊಲಗಳನ್ನು ಮಾಡಿಕೊಂಡರು. 1963ರಲ್ಲಿ ನಮ್‌ಡ್ರೋಲಿಂಗ್ ವಿಹಾರ ತಲೆಯೆತ್ತಿತು. 1970ರಲ್ಲಿ ಲಾಸಾ ನಗರದ ಸಮೀಪದ ಸೆರಾ ಮಹಾವಿಹಾರದ ಪರಂಪರೆ ಇಲ್ಲಿ ಮತ್ತೆ ನೆಲೆಗೊಂಡಿತು. ಮನೆಮಾರುಗಳನ್ನೂ ದನಕರುಗಳನ್ನೂ ಬಿಟ್ಟುಬಂದ ಈ ಜನ ತಮ್ಮೊಡನೆ ಹೊತ್ತುತಂದ ಆಸ್ತಿ ಬಹಳವೇನೂ ಇರಲಿಲ್ಲ. ತಂದುದರಲ್ಲಿ ಬೆಲೆಯುಳ್ಳದ್ದು ಅವರ ನುಡಿ ಮತ್ತು ಬರಹ.

ಈ ಬರಹದಲ್ಲಿ ಒಂದು ವಿಶೇಷವಿದೆ. ಬೈಲಕುಪ್ಪೆಯಲ್ಲಿ ಒಬ್ಬರನ್ನೊಬ್ಬರು ಕಂಡಾಗ ಹೇಳುವ ಮಂಗಳದ ಮಾತು ‘ತಾಶಿ ದೆಲೆಕ್’. ಆದರೆ ಅದನ್ನು ಬರೆಯುವಾಗ ಅವರು ಬಳಸುವ ಅಕ್ಷರಗಳನ್ನು ಒಂದೂ ಬಿಡದೆ ಕನ್ನಡಕ್ಕೆ ಇಳಿಸಿದರೆ ‘ಬ್ಕ್ರಶಿಸ್ ಬ್ದೆಲೆಗ್ಸ್’ ಎಂದಾಗುತ್ತದೆ. ಬುದ್ಧನನ್ನು ಅವರು ‘ಸಂಗ್ಯೆ’ ಎನ್ನುತ್ತಾರೆ. ಬರೆಯುವುದು ‘ಸಙ್ಸ್‌ರ್ಗ್ಯಸ್’ ಎಂದು. ಮೂರು ಎಂಬುದಕ್ಕೆ ಅವರ ಮಾತು ‘ಸುಮ್’, ಬರಹ ‘ಗ್ಸುಮ್’. ನಾಲ್ಕಕ್ಕೆ ಮಾತು ‘ಶಿ’. ಬರಹದಲ್ಲಿ ಅದರ ಮುಂದೆ ಒಂದು ಬಕಾರ. ಒಂಬತ್ತಕ್ಕೆ ಮಾತು ‘ಗು’, ಬರಹ ‘ದ್ಗು’. ಎಂಟಕ್ಕೆ ಮಾತು ‘ಗ್ಯೆ’. ಬರಹದಲ್ಲಿ ಬ, ರ, ಗ, ಯ, ದ ಎಂಬ ಐದು ವ್ಯಂಜನಗಳು ಸೇರಿ ‘ಬ್ರ್ಗ್ಯದ್’! ವಸತಿಯ ಹೆಸರಿನಲ್ಲಿರುವ ‘ಸಂದುಪ್’ ಎಂಬ ಮಾತು ಕೂಡ ಬರಹದಲ್ಲಿ ‘ಬ್ಸಮ್‌ಗ್ರುಬ್’ ಎಂದಿರುತ್ತದೆ. ಇಷ್ಟೊಂದು ಅಕ್ಷರಗಳನ್ನು ಬರೆದು, ಅವುಗಳಲ್ಲಿ ಹಲವನ್ನು ನುಡಿಯದೆ ಬಿಡುವುದೇಕೆ? ನುಡಿಯದ ಅಕ್ಷರವನ್ನು ಬರೆಯುವುದಾದರೂ ಏಕೆ?

ಈ ಪ್ರಶ್ನೆಗೆ ಉತ್ತರ ಬೇಕಾದರೆ ಸುಮಾರು 1,400 ವರ್ಷಗಳ ಹಿಂದಕ್ಕೆ ಹೋಗಬೇಕು. ಕ್ರಿ. ಶ. ಏಳನೆಯ ಶತಮಾನದಲ್ಲಿ ಸ್ರೋಂಗ್‌ಚನ್ ಗಂಪೋ ಎಂಬ ಅರಸನು ಟಿಬೆಟ್ಟನ್ನು ಆಳುತ್ತಿದ್ದನು. ಅವನ ಮಂತ್ರಿಯಾದ ತೋನ್ಮಿ ಸಂಭೋಟನು ಭಾರತಕ್ಕೆ ಬಂದು, ಇಲ್ಲಿ ವಿದ್ಯೆ ಕಲಿತು, ಭಾರತೀಯ ಲಿಪಿಯ ಮಾದರಿಯಲ್ಲಿ ತನ್ನ ನಾಡಿಗೆ ಒಂದು ಲಿಪಿಯನ್ನು ರೂಪಿಸಿದನೆಂದು ಟಿಬೆಟ್ಟಿನ ಪರಂಪರೆ ಹೇಳುತ್ತದೆ. ಆ ಲಿಪಿಯ ಮೂಲ ಬ್ರಾಹ್ಮೀ ಲಿಪಿ. ಕನ್ನಡ ಲಿಪಿಯ ಮೂಲವೂ ಅದೇ. ಆದುದರಿಂದಲೇ ಟಿಬೆಟ್ಟಿನ ಮಗು ಕೂಡ ‘ಕ, ಖ, ಗ, ಙ’ ಎಂದೇ ಅಕ್ಷರಾಭ್ಯಾಸವನ್ನು ಆರಂಭಿಸುತ್ತದೆ. ಕನ್ನಡದಲ್ಲಿ ಅಕ್ಷರದ ಕೆಳಗೆ ಒತ್ತು ಬರುವಂತೆ ಅಲ್ಲಿಯೂ ಬರುತ್ತದೆ. ಹುಣಸೂರಿನ ಶಾಲೆಯ ಬಾಲಕನೂ ಬೈಲಕುಪ್ಪೆಯ ವಸತಿಯ ಬಾಲಕನೂ ಬರೆಯುವ ಅಕ್ಷರಗಳು ನೋಟಕ್ಕೆ ಬೇರೆಯಾದರೂ ಒಂದೇ ತಾಯಿಯ ಮಕ್ಕಳು.

ಒಂಬತ್ತನೆಯ ಶತಮಾನದ ಆರಂಭದಲ್ಲಿ ಟಿಬೆಟ್ಟಿನ ಅರಸರು ಸಂಸ್ಕೃತದ ಬೌದ್ಧ ಗ್ರಂಥಗಳನ್ನು ತಮ್ಮ ಭಾಷೆಗೆ ತರಿಸುವ ದೊಡ್ಡ ಕಾರ್ಯವನ್ನು ಕೈಗೊಂಡರು. ಒಬ್ಬೊಬ್ಬ ಪಂಡಿತನು ಒಂದೊಂದು ಬಗೆಯಲ್ಲಿ ಬರೆದರೆ ಗೊಂದಲವಾಗುವುದೆಂದು, ರಾಜಾಜ್ಞೆಯಿಂದ ಪದಗಳನ್ನೂ ಬರಹದ ಕ್ರಮವನ್ನೂ ನಿಗದಿ ಮಾಡಲಾಯಿತು. ‘ಮಹಾವ್ಯುತ್ಪತ್ತಿ’ ಎಂಬ ಸಂಸ್ಕೃತ-ಟಿಬೆಟ್ ಪದಕೋಶ ಆ ಕಾಲದ್ದೇ. ಅಂದು ನಿಗದಿಯಾದ ಬರಹವೇ ಬಹುಮಟ್ಟಿಗೆ ಇಂದಿಗೂ ಉಳಿದುಬಂದಿದೆ. ಅಂದಿನ ಜನ ಬರೆದಂತೆಯೇ ಬಹುಮಟ್ಟಿಗೆ ನುಡಿಯುತ್ತಲೂ ಇದ್ದರು. ಬರಹ ನಿಂತಲ್ಲೇ ನಿಂತಿತು. ಜನರ ನಾಲಿಗೆ ಮಾತ್ರ ಮುಂದೆ ನಡೆಯಿತು. ಮೊದಲಲ್ಲಿದ್ದ ಬ, ಗ, ದ, ಸ ಮುಂತಾದ ಧ್ವನಿಗಳು ಲಾಸಾದ ಮಾತಿನಲ್ಲಿ ಸವೆದುಹೋದುವು. ಕೊನೆಯ ದಕಾರ, ಸಕಾರಗಳೂ ಬಿದ್ದುಹೋದುವು. ಅಕ್ಷರಗಳು ಮಾತ್ರ ಕಾಗದದ ಮೇಲೆ ಉಳಿದುವು.

ಈ ಅಕ್ಷರಗಳು ಒಮ್ಮೆ ನಿಜವಾಗಿಯೂ ಉಲಿಯುತ್ತಿದ್ದುವು ಎಂಬುದಕ್ಕೆ ಆಧಾರವೇನು? ಆಧಾರ ಅವರ ದಿನನಿತ್ಯದ ಎಣಿಕೆಯಲ್ಲೇ ಇದೆ. ಟಿಬೆಟ್ಟಿನವರು ಹತ್ತಕ್ಕೆ ‘ಚು’ ಎನ್ನುತ್ತಾರೆ. ನಾಲ್ಕಕ್ಕೆ ‘ಶಿ’ ಎನ್ನುತ್ತಾರೆ. ಹಾಗಾದರೆ ಹದಿನಾಲ್ಕು ‘ಚುಶಿ’ ಆಗಬೇಕಾಗಿತ್ತು. ಆದರೆ ಅವರು ಹೇಳುವುದು ‘ಚುಪ್ಶಿ’ ಎಂದು. ನಡುವಿನ ಈ ಪಕಾರ ಎಲ್ಲಿಂದ ಬಂತು? ನಾಲ್ಕು ಎಂಬ ಪದದ ಬರಹದಲ್ಲಿ ಮೊದಲಿಗೆ ನಿಂತಿರುವ, ಬಿಡಿಯಾಗಿ ನುಡಿದಾಗ ಕೇಳದಿರುವ ಆ ಬಕಾರವೇ ಸಮಾಸದ ನಡುವೆ ಹೀಗೆ ತಲೆಯೆತ್ತುತ್ತದೆ. ಹಾಗೆಯೇ ಒಂದಕ್ಕೆ ಮಾತು ‘ಚಿಕ್’, ಬರಹ ‘ಗ್ಚಿಗ್’. ಹನ್ನೊಂದಕ್ಕೆ ಮಾತು ‘ಚುಕ್‌ಚಿಕ್’. ಇಲ್ಲಿ ಅಡಗಿದ್ದ ಗಕಾರ ಹೊರಬಂದಿದೆ. ಇದಲ್ಲದೆ, ಟಿಬೆಟ್ಟಿನ ನುಡಿಗೆ ಸಂಬಂಧಿಸಿದ ಲಡಾಖಿನ ನುಡಿಯಲ್ಲಿಯೂ ಬಾಲ್ಟಿಸ್ತಾನದ ನುಡಿಯಲ್ಲಿಯೂ, ಲಾಸಾದಲ್ಲಿ ಮೌನವಾಗಿರುವ ಇಂಥ ಅಕ್ಷರಗಳಲ್ಲಿ ಹಲವು ಇಂದಿಗೂ ಕೇಳಿಬರುತ್ತವೆ.

ಇಂಥ ಮೌನಾಕ್ಷರಗಳು ಟಿಬೆಟ್ಟಿನ ಬರಹಕ್ಕೆ ಮಾತ್ರ ಮೀಸಲಲ್ಲ. ಇಂಗ್ಲಿಷಿನಲ್ಲಿ ಚಾಕುವಿಗೆ ‘ನೈಫ್’ ಎನ್ನುತ್ತಾರೆ. ಬರೆಯುವಾಗ ಮೊದಲಿಗೆ ‘ಕೆ’ ಎಂಬ ಅಕ್ಷರ ಬರುತ್ತದೆ. ಹಿಂದೆ ಇಂಗ್ಲಿಷರು ಆ ಕಕಾರವನ್ನು ನುಡಿಯುತ್ತಿದ್ದರು. ನಾಲಿಗೆ ಅದನ್ನು ಬಿಟ್ಟಿತು, ಲೇಖನಿ ಬಿಡಲಿಲ್ಲ.

ಇದಕ್ಕೆ ವಿರುದ್ಧವಾದ ದಾರಿಯನ್ನು ಹಿಡಿದವರೂ ಇದ್ದಾರೆ. ಆಗ್ನೇಯ ಏಷ್ಯದ ಮಲಯ ಭಾಷೆಯ ಕಥೆ ಅಂಥದು. ಸುಮಾತ್ರ ದ್ವೀಪದಲ್ಲಿ ದೊರೆತಿರುವ ಕ್ರಿ. ಶ. 683ರ ಶಾಸನವು ದಕ್ಷಿಣ ಭಾರತದ ಪಲ್ಲವ ಲಿಪಿಯಲ್ಲಿದೆ. ಅನಂತರ ಆ ಭಾಷೆಯನ್ನು ಅರಬ್ಬೀ ಲಿಪಿಯಲ್ಲಿ ಬರೆದರು. ಯೂರೋಪಿನವರ ಆಳ್ವಿಕೆಯಲ್ಲಿ ರೋಮನ್ ಲಿಪಿ ಬಳಕೆಗೆ ಬಂತು. ಇಂಡೊನೇಷ್ಯದಲ್ಲಿ ಆಳುತ್ತಿದ್ದವರು ಡಚ್ಚರು. ಆದುದರಿಂದ ಅಲ್ಲಿ 1901ರಲ್ಲಿ ಗೊತ್ತುಮಾಡಿದ ಬರಹವು ಡಚ್ ಭಾಷೆಯ ರೀತಿಯನ್ನೇ ಅನುಸರಿಸಿತು. ಉಕಾರವನ್ನು ‘ಓ’ ಮತ್ತು ‘ಇ’ ಎಂಬ ಎರಡು ಅಕ್ಷರಗಳಿಂದ ಬರೆಯುತ್ತಿದ್ದರು. ಚಕಾರಕ್ಕೆ ‘ಟಿ’ ಮತ್ತು ‘ಜೆ’, ಜಕಾರಕ್ಕೆ ‘ಡಿ’ ಮತ್ತು ‘ಜೆ’, ಯಕಾರಕ್ಕೆ ಬರಿಯ ‘ಜೆ’. ಹೀಗಾಗಿ ಪುಸ್ತಕವೆಂಬ ಅರ್ಥದ ‘ಬುಕು’, ದಾರಿಯೆಂಬ ಅರ್ಥದ ‘ಜಲನ್’, ಕೋಳಿಯೆಂಬ ಅರ್ಥದ ‘ಅಯಮ್’, ನಾನು ಎಂಬ ಅರ್ಥದ ‘ಸಯ’ ಇವೆಲ್ಲ ಇಂದಿನವರಿಗೆ ವಿಚಿತ್ರವಾಗಿ ಕಾಣುವ ರೂಪದಲ್ಲಿದ್ದುವು. ಸ್ವಾತಂತ್ರ್ಯವನ್ನು ಸಾರಿದ ಮೇಲೆ, 1947ರಲ್ಲಿ ಉಕಾರದ ಬರಹವನ್ನು ಸರಳಗೊಳಿಸಿದರು. 1972ರಲ್ಲಿ ಉಳಿದ ಅಕ್ಷರಗಳನ್ನೂ ತಿದ್ದಿ, ಇಂಡೊನೇಷ್ಯ ಮತ್ತು ಮಲೇಷ್ಯ ದೇಶಗಳೆರಡೂ ಬಹುಮಟ್ಟಿಗೆ ಒಂದೇ ಬಗೆಯ ಬರಹವನ್ನು ಒಪ್ಪಿಕೊಂಡುವು. ಒಂದು ದೇಶದ ಪುಸ್ತಕವನ್ನು ಇನ್ನೊಂದು ದೇಶದ ಬಾಲಕನು ಓದುವುದು ಸುಲಭವಾಯಿತು. ಆದರೂ ಹಲವರು ತಮ್ಮ ಹೆಸರಿನ ಹಳೆಯ ರೂಪವನ್ನು ಬಿಡಲಿಲ್ಲ. ಇಂಡೊನೇಷ್ಯದ ಮೊದಲ ರಾಷ್ಟ್ರಾಧ್ಯಕ್ಷರಾದ ಸುಕರ್ಣೊ ಅವರ ರುಜುವಿನಲ್ಲಿ ಹಳೆಯ ಆ ಎರಡಕ್ಷರದ ಉಕಾರವೇ ಉಳಿಯಿತು. ಮನುಷ್ಯನಿಗೆ ತನ್ನ ಹೆಸರಿನ ಅಕ್ಷರಗಳ ಮೇಲಿರುವ ಮಮತೆ ಅಂಥದು.

ಹಾಗಾದರೆ ಕನ್ನಡವು ಹಿಡಿದ ದಾರಿ ಯಾವುದು? ‘ಬರೆದಂತೆ ಓದು, ಓದಿದಂತೆ ಬರೆ’ ಎಂಬುದು ಕನ್ನಡಿಗರು ಹೆಮ್ಮೆಯಿಂದ ಹೇಳುವ ಮಾತು. ಈ ಹೆಮ್ಮೆ ನಿರಾಧಾರವಲ್ಲ. ಆದರೆ ಅದಕ್ಕಾಗಿ ಕನ್ನಡವು ಕೆಲವು ಅಕ್ಷರಗಳನ್ನು ದಾರಿಯಲ್ಲಿ ಬಿಟ್ಟು ಬರಬೇಕಾಯಿತು. ಹಳಗನ್ನಡದ ಅಕ್ಷರಮಾಲೆಯಲ್ಲಿ ಇಂದಿಲ್ಲದ ಎರಡು ಅಕ್ಷರಗಳಿದ್ದುವು. ಒಂದು ‘ಱ’, ಇದನ್ನು ಶಕಟರೇಫವೆನ್ನುತ್ತಾರೆ. ಇನ್ನೊಂದು ‘ೞ’; ಇದನ್ನು ರಳವೆನ್ನುತ್ತಾರೆ. ಇವು ಪಂಡಿತರ ಪದಗಳಲ್ಲಿ ಮಾತ್ರ ಬರುತ್ತಿದ್ದ ಅಕ್ಷರಗಳಲ್ಲ. ಮನೆಯ, ಹೊಲದ, ಸಂತೆಯ ಮಾತಿನ ಅಕ್ಷರಗಳು. ಇಂದಿನ ಮಳೆ ಅಂದು ‘ಮೞೆ’, ಬಾಳೆ ‘ಬಾೞೆ’, ಕೋಳಿ ‘ಕೋೞಿ’, ಏಳು ‘ಏೞು’. ಇಂದಿನ ಕೆರೆ ಅಂದು ‘ಕೆಱೆ’, ಮೂರು ‘ಮೂಱು’, ಆರು ‘ಆಱು’, ನೂರು ‘ನೂಱು’. ಹಳಗನ್ನಡವೆಂಬ ಹೆಸರನ್ನೇ ಹಳಗನ್ನಡದವರು ‘ಪೞಗನ್ನಡ’ವೆಂದು ಬರೆಯುತ್ತಿದ್ದರು.

ಜನರ ನಾಲಿಗೆಯಲ್ಲಿ ೞಕಾರವು ಳಕಾರದೊಡನೆಯೂ ಱಕಾರವು ರಕಾರದೊಡನೆಯೂ ಬೆರೆತುಹೋದಾಗ ಬರಹವೂ ಅದನ್ನೇ ಅನುಸರಿಸಿತು. ಹದಿಮೂರನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ವೆಂಬ ವ್ಯಾಕರಣವನ್ನು ರಚಿಸಿದ ಕೇಶಿರಾಜನು, ಯಾವ ಯಾವ ಪದಗಳಲ್ಲಿ ರಳ ಬರಬೇಕೆಂಬುದನ್ನು ಪಟ್ಟಿ ಮಾಡಿ ಕೊಟ್ಟಿದ್ದಾನೆ. ಎಲ್ಲರೂ ಸರಿಯಾಗಿ ನುಡಿಯುತ್ತಿದ್ದರೆ ಅಂಥ ಪಟ್ಟಿಯ ಅಗತ್ಯವೇ ಇರುತ್ತಿರಲಿಲ್ಲ. ನಾಲಿಗೆ ಮರೆಯುತ್ತಿದ್ದುದನ್ನು ಶಾಸ್ತ್ರವು ನೆನಪಿಸಲು ಯತ್ನಿಸಿತು. ಕೊನೆಗೆ ಗೆದ್ದದ್ದು ನಾಲಿಗೆ. ೞಕಾರವು ಮೊದಲು ಮರೆಯಾಯಿತು. ಱಕಾರವು ಅದಕ್ಕಿಂತ ಹೆಚ್ಚು ಕಾಲ ಬರಹದಲ್ಲಿ ಉಳಿದು ಆಮೇಲೆ ಮರೆಯಾಯಿತು.

ಟಿಬೆಟ್ಟಿನ ಬಕಾರದಂತೆ ಕನ್ನಡದ ರಳವೂ ತನ್ನ ಗುರುತನ್ನು ಬಿಟ್ಟುಹೋಗಿದೆ. ‘ಕೇಳು’ ಎಂಬ ಧಾತುವಿನಿಂದ ‘ಕೇಳಿ’ ಎಂದಾಗುತ್ತದೆ. ಆದರೆ ‘ಬೀಳು’ ಎಂಬುದರಿಂದ ‘ಬಿದ್ದು’ ಎಂದೂ ‘ಏಳು’ ಎಂಬುದರಿಂದ ‘ಎದ್ದು’ ಎಂದೂ ಆಗುತ್ತದೆ. ಈ ದಕಾರದ ಒತ್ತಿಗೆ ಕಾರಣವೇನು? ಬೀಳು, ಏಳು ಎಂಬ ಧಾತುಗಳಲ್ಲಿ ಹಿಂದೆ ರಳವಿತ್ತು. ‘ಬಿೞ್ದು’ ಎಂಬುದು ‘ಬಿರ್ದು’ ಎಂದಾಗಿ, ಅದು ‘ಬಿದ್ದು’ ಎಂದಾಯಿತು. ‘ಎೞ್ದು’ ಎಂಬುದು ‘ಎರ್ದು’ ಎಂದಾಗಿ, ‘ಎದ್ದು’ ಎಂದಾಯಿತು. ಕತ್ತೆಯು ಒಂದು ಕಾಲದಲ್ಲಿ ‘ಕೞ್ತೆ’, ಗದ್ದೆಯು ‘ಗೞ್ದೆ’. ಗದ್ದೆಯಲ್ಲಿ ಬಿದ್ದು ಎದ್ದ ಕತ್ತೆಯ ಕಥೆಯನ್ನು ಯಾರಾದರೂ ಹೇಳಿದರೆ, ಕೇಳುವವರಿಗೆ ತಿಳಿಯದಂತೆ ರಳವು ಅದರಲ್ಲಿ ನಾಲ್ಕು ಬಾರಿ ಅಡಗಿರುತ್ತದೆ!

ಬೈಲಕುಪ್ಪೆಯ ಸುತ್ತಲಿನ ಊರುಗಳ ಹೆಸರುಗಳಲ್ಲಿಯೇ ಇಂಥ ಇನ್ನೊಂದು ಬದಲಾವಣೆಯ ಕುರುಹು ಇದೆ. ಹಳಗನ್ನಡದಲ್ಲಿ ಪದದ ಮೊದಲಿಗಿದ್ದ ಪಕಾರವು ಕಾಲಕ್ರಮದಲ್ಲಿ ಹಕಾರವಾಯಿತು. ಪಾಲ್ ಹಾಲಾಯಿತು, ಪತ್ತು ಹತ್ತಾಯಿತು, ಪಳ್ಳಿ ಹಳ್ಳಿಯಾಯಿತು. ‘ಪೆರ್ಗಡೆ’ ಎಂಬುದು ‘ಹೆಗ್ಗಡೆ’ಯಾಯಿತು. ಹೆಗ್ಗಡದೇವನಕೋಟೆಯ ಹೆಸರಿನಲ್ಲಿರುವುದು ಬದಲಾದ ಈ ಹೊಸ ರೂಪ. ಆದರೆ ಪಿರಿಯಾಪಟ್ಟಣ? ‘ಪಿರಿಯ’ ಎಂಬುದು ‘ಹಿರಿಯ’ ಎಂಬುದರ ಹಳೆಯ ರೂಪ. ಚೆಂಗಾಳ್ವ ಅರಸರ ರಾಜಧಾನಿಯಾಗಿದ್ದ ಈ ಪಟ್ಟಣವು ‘ಹಿರಿಯಾಪಟ್ಟಣ’ವಾಗದೆ, ತನ್ನ ಹೆಸರಿನ ಪಕಾರವನ್ನು ಇಂದಿಗೂ ಉಳಿಸಿಕೊಂಡಿದೆ. ಬಸ್ಸಿನ ಹಲಗೆಯ ಮೇಲೆ ದಿನವೂ ಆ ಹೆಸರನ್ನು ಓದುವವರಲ್ಲಿ ಎಷ್ಟು ಜನ ಒಂದು ಹಳಗನ್ನಡದ ಪದವನ್ನು ಓದುತ್ತಿದ್ದೇವೆಂದು ತಿಳಿದಿದ್ದಾರೆ?

ನುಡಿದಂತೆ ಬರೆಯುವುದರಿಂದ ಕನ್ನಡದ ಮಗುವಿಗೆ ಆದ ಲಾಭ ದೊಡ್ಡದು. ಅಕ್ಷರಗಳನ್ನು ಕಲಿತರೆ ಸಾಕು, ತನಗೆ ಗೊತ್ತಿರುವ ಯಾವ ಪದವನ್ನೂ ಅದು ಬರೆಯಬಲ್ಲುದು. ಟಿಬೆಟ್ಟಿನ ಮಗುವಿಗೆ ಈ ಸೌಕರ್ಯವಿಲ್ಲ. ಪದದ ಒಂದೊಂದು ಅಕ್ಷರವನ್ನೂ, ಮೇಲಿನದು, ಮುಂದಿನದು, ಕೆಳಗಿನದು ಎಂದು ಗಟ್ಟಿಯಾಗಿ ಹೇಳಿ, ಕೊನೆಗೆ ಪದದ ನಿಜವಾದ ಉಚ್ಚಾರಣೆಯನ್ನು ನುಡಿದು ಅದು ಬಾಯಿಪಾಠ ಮಾಡಬೇಕು. ಈ ಶ್ರಮವನ್ನು ತಪ್ಪಿಸಲು ಬರಹವನ್ನು ಮಾತಿಗೆ ಹತ್ತಿರ ತರಬೇಕೆಂದು ವಾದಿಸುವವರೂ ಉಂಟು.

ಆದರೆ ನಷ್ಟದ ಲೆಕ್ಕವನ್ನೂ ನೋಡಬೇಕು. ಟಿಬೆಟ್ಟಿನವರು ಬಾಗಿಲನ್ನೂ ‘ಗೊ’ ಎನ್ನುತ್ತಾರೆ, ತಲೆಯನ್ನೂ ‘ಗೊ’ ಎನ್ನುತ್ತಾರೆ. ಬರಹದಲ್ಲಿ ಬಾಗಿಲು ‘ಸ್ಗೊ’, ತಲೆ ‘ಮ್ಗೊ’. ಕಿವಿಗೆ ತಿಳಿಯದ ಭೇದವನ್ನು ಕಣ್ಣು ತಿಳಿಯುತ್ತದೆ. ಕನ್ನಡದಲ್ಲಿ ‘ಹಸುವನ್ನು ಕರೆ’ ಎಂದು ಬರೆದರೆ ಹಸುವನ್ನು ಕೂಗಬೇಕೋ ಹಾಲು ಕರೆಯಬೇಕೋ ಎಂದು ಸಂದರ್ಭದಿಂದಲೇ ತಿಳಿಯಬೇಕು. ಹಳಗನ್ನಡದಲ್ಲಿ ಆ ಸಂದೇಹವಿರಲಿಲ್ಲ. ಕೂಗುವುದು ‘ಕರೆ’, ಹಾಲು ಕರೆಯುವುದು ‘ಕಱೆ’. ಕಡಲಿನ ಅಲೆ ‘ತೆರೆ’, ಬಾಗಿಲನ್ನು ‘ತೆಱೆ’. ಕತ್ತರಿಸುವುದು ‘ಅರಿ’, ತಿಳಿಯುವುದು ‘ಅಱಿ’. ವೀರನ ಕೈಯ ಖಡ್ಗ ‘ಬಾಳ್’. ಅವನು ಬಾಳುವ ಬದುಕು ‘ಬಾೞ್’.

ಇದಕ್ಕಿಂತ ದೊಡ್ಡ ಮಾತೊಂದಿದೆ. ಬೈಲಕುಪ್ಪೆಗೆ ಬಂದು ನೆಲೆಸಿದವರೆಲ್ಲರೂ ಒಂದೇ ಬಗೆಯಲ್ಲಿ ನುಡಿಯುತ್ತಿದ್ದವರಲ್ಲ. ಟಿಬೆಟ್ಟಿನ ಮಧ್ಯಭಾಗವಾದ ಊ-ಚಾಂಗಿನ ನುಡಿ ಒಂದು ಬಗೆ; ಪೂರ್ವದ ಖಾಮ್ ಪ್ರಾಂತದ ನುಡಿ ಇನ್ನೊಂದು ಬಗೆ; ಈಶಾನ್ಯದ ಆಮ್ದೋ ಪ್ರಾಂತದ ನುಡಿ ಮತ್ತೊಂದು ಬಗೆ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುವುದೇ ಕಷ್ಟ. ಆದರೆ ಬರೆಯುವಾಗ ಎಲ್ಲರದೂ ಒಂದೇ ಬರಹ. ಯಾವುದಾದರೂ ಒಂದು ಪ್ರಾಂತದ ಉಚ್ಚಾರಣೆಗೆ ತಕ್ಕಂತೆ ಬರಹವನ್ನು ತಿದ್ದಿದರೆ ಉಳಿದ ಪ್ರಾಂತಗಳವರು ಹೊರಗಾಗುತ್ತಾರೆ. ನಾಡನ್ನು ಕಳೆದುಕೊಂಡು ಹಲವು ದೇಶಗಳಲ್ಲಿ ಚದುರಿಹೋದ ಜನಾಂಗಕ್ಕೆ ಒಂದೇ ಬರಹವಿರುವುದು ಸಣ್ಣ ಸಂಗತಿಯಲ್ಲ.

ಇನ್ನು ಗ್ರಂಥಗಳ ಮಾತು. ಟಿಬೆಟ್ಟಿನವರ ‘ಕಂಗ್ಯುರ್’ ಎಂಬ ಬುದ್ಧವಚನದ ಸಂಗ್ರಹವು ನೂರಕ್ಕೂ ಹೆಚ್ಚು ಸಂಪುಟಗಳಲ್ಲಿದೆ. ‘ತೆಂಗ್ಯುರ್’ ಎಂಬ ಶಾಸ್ತ್ರಸಂಗ್ರಹವು ಇನ್ನೂರಕ್ಕೂ ಹೆಚ್ಚು ಸಂಪುಟಗಳಲ್ಲಿದೆ. ಅವುಗಳಲ್ಲಿ ಬಹುಪಾಲು ಭಾರತದ ಗ್ರಂಥಗಳ ಅನುವಾದಗಳು. ನಾಲಂದದಂಥ ವಿದ್ಯಾಪೀಠಗಳು ಹಾಳಾದ ಮೇಲೆ ಎಷ್ಟೋ ಸಂಸ್ಕೃತ ಮೂಲಗಳು ಇಲ್ಲಿ ನಶಿಸಿಹೋದುವು. ಟಿಬೆಟ್ಟಿನ ಅನುವಾದಗಳು ಮಾತ್ರ ಉಳಿದುವು. ಸಾವಿರ ವರ್ಷಗಳ ಹಿಂದೆ ಬರೆದ ಆ ಪುಟಗಳ ಅಕ್ಷರಗಳೂ ಇಂದಿನ ಬಾಲಕನು ಕಲಿಯುವ ಅಕ್ಷರಗಳೂ ಒಂದೇ. ಭಾಷೆಯ ಕಠಿನತೆಯನ್ನು ಅವನು ಅಭ್ಯಾಸದಿಂದ ಗೆಲ್ಲಬೇಕು. ಆದರೆ ಬರಹವು ಅವನಿಗೆ ಅಡ್ಡಿಯಾಗುವುದಿಲ್ಲ. ಕನ್ನಡದ ವಿದ್ಯಾರ್ಥಿಯು ಪಂಪನ ಕಾವ್ಯವನ್ನು ತೆರೆದರೆ ಮೊದಲ ಪುಟದಲ್ಲಿಯೇ ಱ, ೞ ಎಂಬ ಅಪರಿಚಿತರು ಎದುರಾಗುತ್ತಾರೆ.

ಅವರನ್ನು ಪರಿಚಯ ಮಾಡಿಕೊಳ್ಳುವುದು ಕಷ್ಟವೇನಲ್ಲ. 1894ರಲ್ಲಿ ಪ್ರಕಟವಾದ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು ಈ ಎರಡು ಅಕ್ಷರಗಳನ್ನೂ ಎಚ್ಚರಿಕೆಯಿಂದ ಗುರುತಿಸಿದೆ. ಹಳಗನ್ನಡ ಕಾವ್ಯಗಳನ್ನು ಸಂಪಾದಿಸಿದ ವಿದ್ವಾಂಸರು ಅವನ್ನು ಉಳಿಸಿಕೊಂಡು ಬಂದಿದ್ದಾರೆ. ಇಂದಿನ ಗಣಕಯಂತ್ರಗಳ ಕನ್ನಡ ಅಕ್ಷರಮಾಲೆಯಲ್ಲಿಯೂ ಅವುಗಳಿಗೆ ಸ್ಥಾನವಿದೆ. ದಿನಬಳಕೆಯ ಬರಹಕ್ಕೆ ಅವನ್ನು ಮರಳಿ ತರಬೇಕಾಗಿಲ್ಲ. ಆದರೆ ಅವು ಇದ್ದುವು, ಅವುಗಳಿಗೆ ಕೆಲಸವಿತ್ತು ಎಂಬುದನ್ನು ಮರೆಯಬೇಕಾಗಿಯೂ ಇಲ್ಲ.

ಬರಹವು ಮಾತಿನೊಡನೆ ನಡೆದರೆ ಕಲಿಯುವವರಿಗೆ ಸುಲಭ. ಹಿರಿಯರ ಗ್ರಂಥಗಳು ದೂರವಾಗುತ್ತವೆ. ಬರಹವು ಇದ್ದಲ್ಲಿಯೇ ನಿಂತರೆ ಹಿರಿಯರ ಗ್ರಂಥಗಳು ಹತ್ತಿರವಿರುತ್ತವೆ. ಕಲಿಯುವವರಿಗೆ ಶ್ರಮ ಹೆಚ್ಚು. ಎರಡೂ ದಾರಿಗಳಲ್ಲಿ ತೆರಬೇಕಾದ ಬೆಲೆಯೊಂದಿದೆ. ಕನ್ನಡಿಗರು ಒಂದನ್ನು ತೆತ್ತಿದ್ದಾರೆ. ಅವರ ನೆರೆಯಲ್ಲಿ ನೆಲೆಸಿರುವ ಟಿಬೆಟ್ಟಿನವರು ಇನ್ನೊಂದನ್ನು ತೆರುತ್ತಿದ್ದಾರೆ. ಬೈಲಕುಪ್ಪೆಯ ಬಾಲಕನು ಎಂಟು ಎಂದು ಬರೆಯಲು ಐದು ವ್ಯಂಜನಗಳನ್ನು ಒಂದರ ಕೆಳಗೊಂದು, ಒಂದರ ಪಕ್ಕದಲ್ಲೊಂದು ಜೋಡಿಸುವಾಗ, ತನ್ನ ಅಜ್ಜನ ಅಜ್ಜಂದಿರು ಆ ಪದವನ್ನು ಹೇಗೆ ನುಡಿಯುತ್ತಿದ್ದರೆಂಬುದನ್ನು ಬರೆದಿಡುತ್ತಾನೆ. ಪಿರಿಯಾಪಟ್ಟಣದ ಬಾಲಕನೂ ತನ್ನ ಊರಿನ ಹೆಸರನ್ನು ಬರೆಯುವಾಗ ಅದನ್ನೇ ಮಾಡುತ್ತಾನೆ.

ಅಭ್ಯಾಸ

ಅ. ಈ ಪ್ರಶ್ನೆಗಳಿಗೆ ಉತ್ತರ ಬರೆಯಿರಿ:
1. ಟಿಬೆಟ್ಟಿನ ಲಿಪಿಗೂ ಕನ್ನಡ ಲಿಪಿಗೂ ಇರುವ ಸಂಬಂಧವೇನು?
2. ‘ಚುಪ್ಶಿ’ ಎಂಬ ಪದದಿಂದ ಯಾವ ಸಂಗತಿ ಸಿದ್ಧವಾಗುತ್ತದೆ?
3. ಇಂಡೊನೇಷ್ಯದ ಬರಹವನ್ನು ಏಕೆ ತಿದ್ದಲಾಯಿತು? ಅದರಿಂದ ಆದ ಪ್ರಯೋಜನವೇನು?
4. ಕೇಶಿರಾಜನು ರಳವಿರುವ ಪದಗಳ ಪಟ್ಟಿಯನ್ನು ಕೊಟ್ಟಿರುವುದಕ್ಕೆ ಕಾರಣವೇನಿರಬಹುದು?
5. ನುಡಿದಂತೆ ಬರೆಯುವುದರಿಂದ ಆಗುವ ಲಾಭನಷ್ಟಗಳನ್ನು ವಿವರಿಸಿರಿ.

ಆ. ಈ ಜೋಡಿಗಳ ಅರ್ಥವ್ಯತ್ಯಾಸವನ್ನು ತಿಳಿಸಿರಿ:
ಕರೆ – ಕಱೆ; ತೆರೆ – ತೆಱೆ; ಅರಿ – ಅಱಿ; ಬಾಳ್ – ಬಾೞ್.

ಇ. ನಿಮ್ಮ ಊರಿನ ಮತ್ತು ನೆರೆಯ ಊರುಗಳ ಹೆಸರುಗಳಲ್ಲಿ ಹಳಗನ್ನಡದ ರೂಪಗಳು ಉಳಿದಿವೆಯೇ ಎಂಬುದನ್ನು ಹಿರಿಯರಿಂದ ಕೇಳಿ ತಿಳಿದು ಬರೆಯಿರಿ.